ದೇವರಿಗೆ ವಕಾಲತ್ತು ಕೊಡದೆ ಬರೆದ ಕಾದಂಬರಿ

ಬರೆಯಲು ಕೂರುವ ಮುಂಚೆಯೇ ಒಂದು ಕಟ್ಟು ಹಾಕಿಕೊಂಡಿದ್ದೆ: ನನ್ನ ಕಥೆಯಲ್ಲಿ ದೇವರು ಕೇಸು ಗೆಲ್ಲಿಸಿಕೊಡಬಾರದು. ಗುಡಿಯ ಗಂಟೆ ತಾನಾಗಿ ಹೊಡೆದುಕೊಂಡು ಕೊಲೆಗಾರ ಬಾಯಿ ಬಿಡುವುದು, ತೀರ್ಪಿನ ದಿನ ದೇವರ ಬಲಗಡೆ ಹೂ ಬಿದ್ದು ಜಡ್ಜ್ ಸಾಹೇಬರ ಮನಸ್ಸು ತಿರುಗುವುದು, ಇಂಥದ್ದೆಲ್ಲ ಬೇಡ. ಹಾಗಂತ ಭಕ್ತಿಯನ್ನು ಗೇಲಿ ಮಾಡುವ ಕಥೆಯೂ ಬೇಡ. ನಾನು ಮಂಡ್ಯದಲ್ಲಿ ಸಿವಿಲ್ ವಕೀಲಿ ಮಾಡುವವಳು, ಮನೆ ಮೈಸೂರಿನಲ್ಲಿ. ನನ್ನ ಕಕ್ಷಿದಾರರು ಪಹಣಿ ಇಟ್ಟುಕೊಂಡ ಪ್ಲಾಸ್ಟಿಕ್ ಕವರಿನಲ್ಲೇ ಊರದೇವರ ಕುಂಕುಮದ ಪೊಟ್ಟಣವನ್ನೂ ಇಟ್ಟುಕೊಂಡು ಬರುತ್ತಾರೆ. ಫೈಲಿನ ಮೇಲೆ ಕುಂಕುಮ ಉದುರಿದರೆ ನಮ್ಮ ಆಫೀಸಿನ ಗುಮಾಸ್ತರು ಒರೆಸುವುದಿಲ್ಲ, ಮೆಲ್ಲಗೆ ಊದುತ್ತಾರೆ. ಈ ಜನರ ಕಥೆ ಬರೆಯುವಾಗ ದೇವರನ್ನು ಹೊರಗಿಟ್ಟರೆ ಅದು ಸುಳ್ಳಾಗುತ್ತದೆ. ದೇವರ ಕೈಗೆ ತೀರ್ಪು ಕೊಟ್ಟರೆ ಸಸ್ಪೆನ್ಸು ಸತ್ತುಹೋಗುತ್ತದೆ. ಭಕ್ತಿ ಸಾಕ್ಷಿಗೆ ಧೈರ್ಯ ಕೊಡಲಿ, ಸಾಕ್ಷ್ಯವನ್ನು ಕೊಡುವುದು ಬೇಡ ಅಂತ ತೀರ್ಮಾನಿಸಿದೆ.

ಕಥೆಯ ಬೇರು ಸಿಕ್ಕಿದ್ದು ಒಂದು ಹಳೆಯ ಕಾಯ್ದೆಯಲ್ಲಿ. ಒಂದು ಕಾಲದಲ್ಲಿ ಆಣೆಗೆ ಕೋರ್ಟಿನಲ್ಲೇ ಬೆಲೆಯಿತ್ತು. ಒಬ್ಬ ಪಕ್ಷಗಾರ, "ಎದುರಿನವನು ಇಂಥ ದೇವರ ಮುಂದೆ ಪ್ರಮಾಣ ಮಾಡಿ ಹೇಳಿಬಿಡಲಿ, ನಾನು ಅದಕ್ಕೆ ಬದ್ಧ" ಎಂದು ಒಪ್ಪಿಕೊಂಡು, ಎದುರಿನವನು ಹಾಗೇ ಪ್ರಮಾಣ ಮಾಡಿದರೆ, ಒಪ್ಪಿಕೊಂಡವನ ಮಟ್ಟಿಗೆ ಆ ಮಾತೇ ಅಂತಿಮ. 1873ರ ಪ್ರಮಾಣ ಕಾಯ್ದೆಯಲ್ಲಿ ಅದಕ್ಕೆ ಕಲಮುಗಳೇ ಇದ್ದವು. 1969ರಲ್ಲಿ ಹೊಸ ಕಾಯ್ದೆ ಬಂದಾಗ ಅವು ಬಿದ್ದುಹೋದವು. ಈಗ ಸಾಕ್ಷಿ ತನ್ನವರಲ್ಲಿ ನಡೆದು ಬಂದ ರೀತಿಯಲ್ಲಿ ಪ್ರಮಾಣ ಮಾಡುತ್ತೇನೆ ಅಂದರೆ ಕೋರ್ಟು ಅವಕಾಶ ಕೊಡಬಹುದು, ಆದರೆ ಅಷ್ಟರಿಂದಲೇ ಕೇಸು ಮುಗಿಯುವುದಿಲ್ಲ.

ನನ್ನ ಕಥೆಯ ಊರಿನಲ್ಲಿ ದೇವರ ಗುಡ್ಡಪ್ಪನ, ಅಂದರೆ ಗುಡಿಯ ದೇವರ ಸೇವೆಗೆ ನಿಂತವನ, ಅಪ್ಪ 1966ರಲ್ಲಿ ಹೀಗೆ ಸುಳ್ಳು ಪ್ರಮಾಣ ಮಾಡಿ ಒಬ್ಬ ಬಡವನ ಜಮೀನು ಹೊಡೆದುಕೊಂಡಿದ್ದಾನೆ. ಕೋರ್ಟಿನ ಲೆಕ್ಕದಲ್ಲಿ ಅದು ಮುಗಿದ ವ್ಯಾಜ್ಯ, ಡಿಕ್ರಿ ಆಗಿದೆ. ಮಗ ಗುಡ್ಡಪ್ಪನ ಲೆಕ್ಕದಲ್ಲಿ ಮುಗಿದಿಲ್ಲ. ಅಪ್ಪ ಆಣೆ ಇಟ್ಟ ಅದೇ ದೇವರಿಗೆ ದಿನಾ ದೀಪ ಹಚ್ಚುವವನು ಅವನು. ಮುದಿ ವಯಸ್ಸಿನಲ್ಲಿ, ಬೆಂಗಳೂರು-ಮೈಸೂರು ದಶಪಥ ರಸ್ತೆಯ ಕೆಲಸ ನಡೆದು ಗದ್ದೆ ಬೆಲೆ ಮುಗಿಲು ಮುಟ್ಟಿರುವ ಹೊತ್ತಿನಲ್ಲಿ, ಆ ಜಮೀನು ಹಿಂದಕ್ಕೆ ಕೊಟ್ಟುಬಿಡುತ್ತೇನೆ ಅಂತ ಹೊರಡುತ್ತಾನೆ. ನಾಲ್ಕು ದಿನ ಕಳೆದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಹೆಣ ಸಿಗುತ್ತದೆ. ಆರೋಪಿ ಅವನ ಅಣ್ಣನ ಮಗ ಚೆಲುವರಾಜು, ಪರವಾನಗಿ ಪಡೆದ ಸರ್ವೇಯರ್. ಅವನ ಪರವಾಗಿ ನಿಲ್ಲುವ ವಕೀಲೆ ಸೌಮ್ಯ.

ದೇವಸ್ಥಾನದ ಇನಾಂ ಜಮೀನನ್ನೇ ಇಡಬಹುದಿತ್ತು ಅಂತ ಕೆಲವರು ಹೇಳಿದರು. 1955ರ ಇನಾಂ ರದ್ದತಿ ಕಾಯ್ದೆ, ತಸ್ತೀಕು (ಸರ್ಕಾರ ಗುಡಿಗೆ ಕೊಡುವ ವರ್ಷಾಶನ), ಮರುಮಂಜೂರಾತಿ ಅಂತ ವಿವರಿಸುತ್ತ ಹೋದರೆ ಪ್ರೀತಿಗೆ ಪುಟ ಉಳಿಯುತ್ತಿರಲಿಲ್ಲ.

ಘಟನೆಯನ್ನು ಬೇಕೆಂದೇ 2022ಕ್ಕೆ ಇಟ್ಟೆ. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ, ಕೊಲೆಗೆ ಹಳೆಯ 302 ಹೋಗಿ ಈಗ ಕಲಂ 103. ಆದರೆ "ಮುನ್ನೂರ ಎರಡು ಹಾಕವ್ರಂತೆ" ಅಂದರೆ ಮಂಡ್ಯದ ಟೀ ಅಂಗಡಿಯಲ್ಲಿ ಕೂತವರ ಗ್ಲಾಸು ಅಲ್ಲೇ ನಿಲ್ಲುತ್ತದೆ. ನೂರ ಮೂರಕ್ಕೆ ಆ ನಡುಕ ಬರಲು ಇನ್ನೂ ವರ್ಷಗಳು ಬೇಕು.

ಸುಳಿವು ಕಟ್ಟುವುದರಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೊಲೆಯ ಹಿಂದೆ ಇರುವುದು ಒಂದು ಪಂಚಾಯ್ತಿ ಪಾಲುಪಟ್ಟಿ. 1971ರಲ್ಲಿ ಅಣ್ಣತಮ್ಮಂದಿರು ಭಾಗ ಮಾಡಿಕೊಂಡರು, ಆ ಜಮೀನು ಚೆಲುವರಾಜುವಿನ ಅಪ್ಪನ ಪಾಲಿಗೆ ಬಂತು ಎಂದು ಅದರಲ್ಲಿ ಬರೆದಿದೆ. ನೋಂದಣಿ ಆಗಿಲ್ಲ. ಅಷ್ಟು ಹಳೆಯ ತಾರೀಖು ಯಾಕೆ ಅಂದರೆ, 30 ವರ್ಷ ದಾಟಿದ ದಾಖಲೆ ಅದು ಇರಬೇಕಾದವರ ಕೈಯಿಂದಲೇ ಬಂದಿದ್ದರೆ ಅದರ ಸಹಿ, ಬರಹ ನಿಜವೆಂದು ಕೋರ್ಟು ಭಾವಿಸಬಹುದು. ಸಹಿ ಹಾಕಿದವರೆಲ್ಲ ಸತ್ತಿರುತ್ತಾರೆ, ಬಂದು ಅಲ್ಲಗಳೆಯುವವರು ಯಾರೂ ಇಲ್ಲ. ಸುಳ್ಳು ದಾಖಲೆ ಮಾಡುವವರು ಹಿಂದಿನ ತಾರೀಖಿಗೆ ಹೋಗುವುದು ಇದಕ್ಕೇ.

ಇಂಥ ಕಾಗದವನ್ನು ಕಥೆಯಲ್ಲಿ ಹಿಡಿಯುವುದಕ್ಕೆ ಎಲ್ಲರಿಗೂ ಹೊಳೆಯುವ ದಾರಿ ಒಂದಿದೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. 1971ರ ಕಾಗದದಲ್ಲಿ ಕರ್ನಾಟಕ ರಾಜ್ಯ ಅಂತಿದ್ದರೆ ಅಲ್ಲಿಗೆ ಮುಗಿಯಿತು. ನನ್ನ ಖದೀಮ ಅಷ್ಟು ದಡ್ಡನಲ್ಲ, ಗುಂಡಗೆ "ಮೈಸೂರು ರಾಜ್ಯ" ಅಂತಲೇ ಬರೆದಿದ್ದಾನೆ. ಓದುಗರು ಅದನ್ನು ನೋಡಿ, ಹಾಗಾದರೆ ಕಾಗದ ನಿಜವೇ ಇರಬೇಕು ಅಂದುಕೊಳ್ಳಲಿ ಅಂತ ಅದನ್ನು ಎರಡನೇ ಅಧ್ಯಾಯದಲ್ಲೇ ತೋರಿಸಿಬಿಟ್ಟೆ. ಅವನು ಸಿಕ್ಕಿಬೀಳುವುದು ಸರ್ವೆ ನಂಬರಿನಲ್ಲಿ. ಪಾಲುಪಟ್ಟಿಯಲ್ಲಿ ಜಮೀನು 52/3 ಅಂತಿದೆ. ಆ ಸರ್ವೆ ನಂಬರಿಗೆ ಪೋಡಿ (ಅಳತೆ ಮಾಡಿ ತುಂಡು ವಿಂಗಡಣೆ) ಆಗಿ 52/1, 52/2, 52/3 ಅಂತ ಹಿಸ್ಸಾ ಬಿದ್ದದ್ದು 1984ರಲ್ಲಿ. 1971ರಲ್ಲಿ ಇದ್ದದ್ದು ಬರೀ 52. ಇನ್ನೂ ಹುಟ್ಟದ ನಂಬರನ್ನು 1971ರ ಪಂಚಾಯ್ತಿದಾರರು ಹೇಗೆ ಬರೆದರು? ಸಿವಿಲ್ ವಕೀಲರು ದಿನಾ ಪಹಣಿ, ಟಿಪ್ಪಣಿ, ಆಕಾರಬಂದ್ ಎಂಬ ಜಮೀನು ದಾಖಲೆಗಳನ್ನು ಎದುರುಬದುರು ಇಟ್ಟುಕೊಂಡು ನೋಡುವುದು ಇಂಥದ್ದನ್ನೇ.

ಆ ಓರೆಯ ಗೆರೆಯನ್ನೂ ಅದರ ಮುಂದಿನ ಮೂರನ್ನೂ ಕಂಡುಹಿಡಿಯುವವನು ಚೆಲುವರಾಜುವೇ. ಅವನಿಗೆ ಅದರಿಂದ ಬಿಡುಗಡೆಯಿಲ್ಲ. ಪಾಲುಪಟ್ಟಿ ಸುಳ್ಳು ಎಂದು ತೋರಿಸಿದರೆ, ಅದರಿಂದ ಲಾಭ ಪಡೆಯಲು ಹೊರಟವನು ತನ್ನ ಒಡಹುಟ್ಟಿದ ಅಣ್ಣ ಎಂಬುದೂ ಬಯಲಾಗುತ್ತದೆ.

ಬಸಪ್ಪನ ಪ್ರಸಂಗಕ್ಕೆ ಹೆದರಿಕೊಂಡೇ ಕೈ ಹಾಕಿದೆ. ಮಂಡ್ಯ ಸೀಮೆಯಲ್ಲಿ ದೇವರ ಬಸಪ್ಪ, ಅಂದರೆ ದೇವರಿಗೆ ಬಿಟ್ಟ ಬಸವ, ನ್ಯಾಯ ಹೇಳುತ್ತಾನೆ ಎಂಬ ನಂಬಿಕೆ ದೊಡ್ಡದು. ಚಿಕ್ಕರಸಿನಕೆರೆಯ ಬಸಪ್ಪನ ಹೆಸರು ಕೇಳದವರಿಲ್ಲ. ಗುಡ್ಡಪ್ಪನನ್ನು ಆರಿಸುವುದು, ಕಳ್ಳತನ ಯಾರು ಮಾಡಿದರು ಅಂತ ತೋರಿಸುವುದು, ಪಾದ ಕೊಡುವುದು, ಎಲ್ಲ ಬಸಪ್ಪನ ಕೆಲಸ. ನನ್ನ ಕಥೆಯ ಊರಿನ ಬಸಪ್ಪ, ಜಾಮೀನಿನ ಮೇಲೆ ಬಂದ ಚೆಲುವರಾಜು ಗುಡಿ ಮೆಟ್ಟಿಲು ಹತ್ತಲು ಹೋದಾಗ ಅಡ್ಡ ನಿಂತು ಕದಲುವುದಿಲ್ಲ. ಊರಿಗೆ ಅಷ್ಟೇ ಸಾಕು. ಮಾರನೆಯ ದಿನದಿಂದ ಅವನ ಮನೆಗೆ ಹಾಲು ಹಾಕುವುದೂ ನಿಲ್ಲುತ್ತದೆ. ಕೋರ್ಟಿನಲ್ಲಿ ಬಸಪ್ಪನ ಮಾತೇ ಬರುವ ಹಾಗಿಲ್ಲ, ಅದು ಸಾಕ್ಷ್ಯವಲ್ಲ. ಆದರೆ ಮಹಜರಿನ ಪಂಚರು ಇರುವುದು ಅದೇ ಊರಿನಲ್ಲಿ. "ಪೊಲೀಸರು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು" ಅಂತ ಪ್ರತಿಕೂಲ ಸಾಕ್ಷಿಯಾಗುವುದೇ ವಾಡಿಕೆಯಾಗಿರುವ ಪಂಚರು, ಈ ಕೇಸಿನಲ್ಲಿ ಮಾತ್ರ ಗಟ್ಟಿಯಾಗಿ ನಿಂತುಬಿಡುತ್ತಾರೆ. ಕಲಂಗಳಿಗೆ ಸಿಗದ ಬಸಪ್ಪ ಹೀಗೆ ಹಿಂಬಾಗಿಲಿನಿಂದ ಕೋರ್ಟಿಗೆ ಬರುತ್ತಾನೆ.

ಹಾಗಾದರೆ ಬಸಪ್ಪ ತೋರಿಸಿದ್ದು ಸುಳ್ಳೇ? ಇದಕ್ಕೆ ದಾರಿ ತೋರಿಸಿದವರು ನಮ್ಮತ್ತೆ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದವರಿಗೆ ಆ ಅಧ್ಯಾಯ ಓದಿ ಹೇಳಿದೆ. "ಅಡ್ಡ ನಿಂತ್ಕತು ಅಂದ್ರೆ ತಪ್ಪು ಮಾಡವ್ನೆ ಅಂತ್ಲೇ ಯಾಕವ್ವ ಅನ್ಕತೀರಿ? ಒಳೀಕೆ ಹೋಗ್ಬ್ಯಾಡ ಕಣಪ್ಪ, ಅಲ್ಲಿ ನಿನ್ಗೆ ಕೇಡು ಕಾದದೆ ಅಂತ ತಡುದಿರ್ಬೋದು" ಅಂದರು. ಆ ಹೊತ್ತು ಗುಡಿಯೊಳಗೆ ಯಾರಿದ್ದರು ಎಂಬ ಪ್ರಶ್ನೆಯನ್ನು ಅಲ್ಲಿಂದಲೇ ಎತ್ತಿಕೊಂಡೆ. ಬಸಪ್ಪ ಏನು ಹೇಳಿದ ಎಂಬುದನ್ನು ಕಥೆ ಕೊನೆಯವರೆಗೂ ಬಿಡಿಸಿ ಹೇಳುವುದಿಲ್ಲ.

ಪ್ರೀತಿಯ ವಿಷಯಕ್ಕೆ ಬರುತ್ತೇನೆ. ಸೌಮ್ಯ ಮೈಸೂರಿನಿಂದ ರೈಲಿನಲ್ಲಿ ಮಂಡ್ಯಕ್ಕೆ ಓಡಾಡುವವಳು. ಅವಳಿಗೂ ಚೆಲುವರಾಜುವಿಗೂ ಒಡನಾಟ ಬೆಳೆಯುವುದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಬೇರೆ ಬೇರೆ ಕಕ್ಷಿದಾರರ ಟಿಪ್ಪಣಿ ಪುಸ್ತಕ ಹುಡುಕುವಾಗ. ಬೃಂದಾವನವೂ ಇಲ್ಲ, ಕಾರಂಜಿಕೆರೆಯೂ ಇಲ್ಲ. ನಕಲಿಗೆ ಅರ್ಜಿ ಕೊಟ್ಟು ಮಧ್ಯಾಹ್ನದವರೆಗೆ ಕಾಯುವವರಿಗೆ ಮಾತಾಡಲು ಹೊತ್ತು ಬೇಕಾದಷ್ಟಿರುತ್ತದೆ.

ಈ ಪ್ರೀತಿ ಕಥೆಗೆ ಅಲಂಕಾರವಾಗದೆ ಕೇಸಿಗೇ ಗಂಟು ಬೀಳಬೇಕಿತ್ತು. ಗುಡ್ಡಪ್ಪ ಸತ್ತ ಮರುದಿನ, ಅಂದರೆ ಬಂಧನಕ್ಕೂ ಮೊದಲು, ಚೆಲುವರಾಜು ಅವಳ ಹತ್ತಿರ ಒಂದು ಮಾತು ಹೇಳಿರುತ್ತಾನೆ: "ರಾತ್ರಿ ನಾಲೆ ಏರಿ ಮೇಲೆ ಚಿಕ್ಕಪ್ಪಂಗೂ ನಂಗೂ ಜಗಳ ಆಯ್ತು." ಕಾನೂನಿನಲ್ಲಿ ಎರಡು ಬೇಲಿಗಳಿವೆ. ಕಕ್ಷಿದಾರ ವಕೀಲರಿಗೆ ಕೇಸಿನ ಸಲುವಾಗಿ ಹೇಳಿದ್ದನ್ನು ವಕೀಲರು ಹೊರಗೆ ಹಾಕುವಂತಿಲ್ಲ. ಗಂಡಹೆಂಡಿರು ದಾಂಪತ್ಯದಲ್ಲಿ ಆಡಿಕೊಂಡ ಮಾತನ್ನು ಹೇಳೆಂದು ಒತ್ತಾಯಿಸುವಂತಿಲ್ಲ. ಅವನು ಹೇಳಿದ್ದು ವಕಾಲತ್ತಿಗೆ ಸಹಿ ಬೀಳುವ ಮೊದಲು, ತಾಳಿ ಬೀಳುವ ಮೊದಲು. ಯಾವ ಬೇಲಿಯೂ ಅದನ್ನು ಕಾಯುವುದಿಲ್ಲ. ಹಸ್ತಪ್ರತಿ ಓದಿದ ಗೆಳತಿಯೊಬ್ಬಳು, "ತಕ್ಷಣ ಮದುವೆ ಮಾಡಿಸಿಬಿಡೆ, ಸರಿಹೋಗುತ್ತೆ" ಅಂದಳು. ಸರಿಹೋಗುವುದಿಲ್ಲ. ಮದುವೆಗೆ ಮುಂಚಿನ ಮಾತು ಮುಂಚಿನದೇ. ಪೂಜಾರಿಗೋ ಪಾದ್ರಿಗೋ ಹೇಳಿದ ತಪ್ಪೊಪ್ಪಿಗೆಗೂ ನಮ್ಮ ಸಾಕ್ಷ್ಯ ಕಾಯ್ದೆಯಲ್ಲಿ ಇಂಥ ರಕ್ಷಣೆ ಇಲ್ಲದ್ದರಿಂದ ಆ ದಾರಿಯೂ ಮುಚ್ಚಿತ್ತು. ಅದೂ ಅಲ್ಲದೆ, ತಾನೇ ಸಾಕ್ಷಿಯಾಗಬಹುದು ಎಂದು ಗೊತ್ತಿರುವ ಕೇಸಿನಲ್ಲಿ ವಕೀಲರು ಹಾಜರಾಗಬಾರದು ಎಂಬುದು ವಕೀಲರ ಪರಿಷತ್ತಿನ ನಿಯಮ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಅವನು ನೇಣಿಗೆ ಹತ್ತಿರವಾಗುತ್ತಾನೆ. ಕಥೆಯಲ್ಲಿ ಭಕ್ತಿಗೆ ನಿಜವಾದ ಕೆಲಸ ಬೀಳುವುದು ಇಲ್ಲಿ.

ಆ ತೀರ್ಮಾನವನ್ನು ಮೇಲುಕೋಟೆಯ ವೈರಮುಡಿಯ ರಾತ್ರಿಗೆ ಇಟ್ಟೆ. ವೈರಮುಡಿ ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಸಮ್ಮುಖದಲ್ಲಿ ಹೊರಗೆ ತೆಗೆದು, ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಹೊರಡಿಸುತ್ತಾರೆ. ದಾರಿಯ ಊರುಗಳಲ್ಲಿ ಜನ ನಿಲ್ಲಿಸಿ ಪೂಜೆ ಮಾಡುತ್ತಾರೆ. ಸೌಮ್ಯ ಅಂದು ಕೋರ್ಟು ಮುಗಿಸಿಕೊಂಡು, ಕರಿ ಕೋಟು ಚೀಲದಲ್ಲಿಟ್ಟುಕೊಂಡೇ ಆ ಜನರ ನಡುವೆ ಬೆಟ್ಟ ಹತ್ತುತ್ತಾಳೆ. ಅಲ್ಲಿ ಅವಳಿಗೆ ಯಾವ ಅಶರೀರವಾಣಿಯೂ ಕೇಳಿಸುವುದಿಲ್ಲ. ನೂಕುನುಗ್ಗಲಿನಲ್ಲಿ ಚೆಲುವನಾರಾಯಣ ಸರಿಯಾಗಿ ಕಾಣಿಸುವುದೂ ಇಲ್ಲ. ಪಕ್ಕದಲ್ಲಿ ನಿಂತ ಮುದುಕಿಯೊಬ್ಬಳು, "ಕಾಣುಸ್ತಾ ಮಗಾ?" ಅಂದಾಗ, "ಇಲ್ಲ ಅಜ್ಜಿ" ಅನ್ನುತ್ತಾಳೆ. ಸುತ್ತ ಎಲ್ಲರೂ ಕಂಡೆವು ಕಂಡೆವು ಅನ್ನುತ್ತಿರುವಾಗ ಇಲ್ಲ ಅಂದದ್ದು ಅವಳು ಅಂದು ಹೇಳಿದ ಮೊದಲ ಕಷ್ಟದ ನಿಜ. ಮಾರನೆಯ ದಿನ ವಕಾಲತ್ತಿನಿಂದ ನಿವೃತ್ತಿಗೆ ಮೆಮೋ ಹಾಕುತ್ತಾಳೆ, ತನಗೆ ಗೊತ್ತಿರುವುದನ್ನು ಹೇಳಿಕೆಯಾಗಿ ಕೊಡುತ್ತಾಳೆ.

ಕೋರ್ಟಿನ ದೃಶ್ಯಗಳಲ್ಲಿ ಭಾಷಣ ಇಟ್ಟಿಲ್ಲ. ನಮ್ಮಲ್ಲಿ ಜ್ಯೂರಿ ಇಲ್ಲ, ಭಾಷಣ ಕೇಳಿ ಕಣ್ಣೊರೆಸಿಕೊಳ್ಳಲು ಯಾರೂ ಕೂತಿರುವುದಿಲ್ಲ. ಇರುವುದು ವಾಯಿದೆ. ಸಾಕ್ಷಿ ಬಂದಿರುತ್ತಾನೆ, ಸರ್ಕಾರಿ ವಕೀಲರು ಬೇರೆ ಹಾಲಿನಲ್ಲಿರುತ್ತಾರೆ, ಕೇಸು ಮುಂದಕ್ಕೆ ಹೋಗುತ್ತದೆ. ಬೇಸರದ ಈ ವಾಯಿದೆಗಳನ್ನೇ ಅಧ್ಯಾಯದ ಕೊನೆಗೆ ಇಟ್ಟುಕೊಂಡೆ. ಪ್ರತಿ ಮುಂದೂಡಿಕೆಯ ನಡುವೆ ಯಾರಾದರೂ ಸಾಕ್ಷಿಯ ಮನೆಗೆ ಹೋಗಿ ಬರುತ್ತಾರೆ.

ಸೌಮ್ಯಳ ಸಾಕ್ಷಿಯ ದಿನ ಮುಖ್ಯ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಜಗಳದ ಮಾತನ್ನಷ್ಟೇ ಹೇಳಿಸಿ ಕೂರುತ್ತಾರೆ. ಪಾಟೀ ಸವಾಲಿಗೆ ಏಳುವವರು ಅವಳ ಸೀನಿಯರ್, ಈಗ ಆರೋಪಿಯ ವಕೀಲರು. ಅದೇ ಮಾತುಕತೆಯ ಉಳಿದರ್ಧವನ್ನು ಅವರು ಕೇಳುತ್ತಾರೆ, ಆಮೇಲೆ ಕೋರ್ಟಿನ ಅನುಮತಿ ಪಡೆದು ಸರ್ಕಾರಿ ವಕೀಲರೂ ಸವಾಲು ಹಾಕುತ್ತಾರೆ. ಆ ಪುಟವನ್ನು ಕಥೆಯಂತೆ ಬರೆಯದೆ, ಬೆರಳಚ್ಚುಗಾರ್ತಿ ಹೊಡೆದ ಸಾಕ್ಷಿ ಹೇಳಿಕೆಯನ್ನೇ ಹಾಗೇ ಇಟ್ಟೆ:

"ಮೃತರ ಕೈಯಲ್ಲಿ ಸರ್ವೆ ನಕ್ಷೆ ಇತ್ತೆಂದು ಆರೋಪಿ ನನಗೆ ತಿಳಿಸಿದ್ದ ಎಂದರೆ ಸರಿ. ಅದನ್ನು ಆರೋಪಿಯ ಅಣ್ಣನಿಗೆ ತೋರಿಸಲು ಹೋಗುವುದಾಗಿ ಮೃತರು ಹೇಳಿದ್ದರೆಂದೂ ತಿಳಿಸಿದ್ದ ಎಂದರೆ ಸರಿ. ಆರೋಪಿಯನ್ನು ಉಳಿಸಲು ಈ ದಿನ ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ. ನಾನು ಆರೋಪಿಯನ್ನು ಪ್ರೀತಿಸುತ್ತಿದ್ದೇನೆ ಎಂದರೆ ಸರಿ."

ಅದುವರೆಗೆ ಇಡೀ ಕಾದಂಬರಿಯಲ್ಲಿ ಅವಳು ಆ ಮಾತನ್ನು ಅವನಿಗೆ ಒಮ್ಮೆಯೂ ಹೇಳಿರುವುದಿಲ್ಲ. ಕಟಕಟೆಯಲ್ಲಿ ನಿಂತವನು ಅದನ್ನು ಕೇಳುವುದು ಹೀಗೆ. ಹೆಣದ ಜೊತೆ ನಕ್ಷೆ ಸಿಕ್ಕಿರಲಿಲ್ಲ ಎಂಬುದು ಓದುಗರಿಗೆ ಮಹಜರಿನಿಂದ ಮೊದಲೇ ಗೊತ್ತಿದೆ. ಅದು ಯಾರ ಮನೆಯಲ್ಲಿದೆ ಎಂಬುದು ಈಗ ಎಲ್ಲರಿಗೂ ಹೊಳೆಯುತ್ತದೆ.

ತೀರ್ಪಿನಲ್ಲಿ ಚೆಲುವರಾಜುಗೆ ಸಿಗುವುದು ಸಂಶಯದ ಲಾಭ. ಅವನು ನಿರ್ದೋಷಿ ಎಂದು ಜಡ್ಜ್ ಎದ್ದು ಸಾರಬೇಕಿತ್ತು ಅಂತ ಹಲವು ಓದುಗರಿಗೆ ಸಿಟ್ಟಿದೆ. ಪ್ರಕಾಶಕರು ಕೇಳಿದ್ದು ಇನ್ನೊಂದು: ಕೊನೆಗೆ ಜಮೀನನ್ನಾದರೂ ಆ ಬಡವನ ಮೊಮ್ಮಗನಿಗೆ ಕೊಡಿಸಿಬಿಡಿ ಮೇಡಂ. 1966ರ ಡಿಕ್ರಿ ಅಷ್ಟು ಸುಲಭಕ್ಕೆ ಬೀಳುವುದಿಲ್ಲ. ಚೆಲುವರಾಜು ತನ್ನ ಪಾಲಿನ ಹಕ್ಕನ್ನು ದಾನಪತ್ರ ಮಾಡಿ ಬರೆದುಕೊಡಬಹುದು, ಅದನ್ನು ಮಾಡಿಸಿದೆ. ಉಳಿದ ಪಾಲುದಾರರು ಹೂಡಿದ ಭಾಗದ ದಾವೆ ನಡೆಯುತ್ತಿದೆ.