ಕನ್ನಡದಿಂದಲೇ ಜರ್ಮನ್ ಕಲಿತೆ, ಬಿ1 ಪಾಸಾದೆ

ಕಳೆದ ತಿಂಗಳು ಬಿ1, ಅಂದರೆ ಜರ್ಮನ್ ಭಾಷೆಯ ನಡು ಹಂತದ ಪರೀಕ್ಷೆ, ಪಾಸಾಯಿತು. ಮಾತಾಡುವುದರಲ್ಲಿ 90ರ ಹತ್ತಿರ, ಬರೆಯುವುದರಲ್ಲಿ 63ಓ 64ಓ. 60 ಬಂದರೆ ಸಾಕು, ಹಾಗಾಗಿ ಬಚಾವ್. "ಇಂಗ್ಲಿಷ್ ಇಟ್ಕೊಂಡು ಕನ್ನಡದಿಂದ ಜರ್ಮನ್ ಕಲೀತಾನಂತೆ" ಎಂದು ನಕ್ಕ ಸ್ಟುಟ್‌ಗಾರ್ಟ್ ಗೆಳೆಯರೇ, ಇದು ನಿಮಗೆ.

ಮೊದಲು ಸೋತ ಲೆಕ್ಕ. ಸಂಜೆ ಕ್ಲಾಸಿಗೆ ಎರಡು ಸಲ ಸೇರಿ ಸುಮಾರು 700 ಯೂರೋ ಕಳೆದೆ. ಹದಿನೆಂಟು ಜನ, ನಾನು ಬಾಯಿ ಬಿಡುವ ಸರದಿ ಬರುವಷ್ಟರಲ್ಲಿ ಮನೆಗೆ ಹೊರಡುವ ಹೊತ್ತು. ಆಮೇಲೆ ಆನ್‌ಲೈನ್ ಟ್ಯೂಷನ್, ಗಂಟೆಗೆ 30. ಆರೇಳು ವಾರಕ್ಕೆ ಜೇಬು ಕೈ ಎತ್ತಿತು. ಮನೆ ತುಂಬ ಚೀಟಿ ಅಂಟಿಸಿದ್ದೂ ಆಯಿತು. ಫ್ರಿಜ್ಜಿನ ಹೆಸರು ಬಂತು, ಮಾತು ಬರಲಿಲ್ಲ.

ಆಗ ಸಿಕ್ಕವರು ಟೀಚರಮ್ಮ. ಎಪ್ಪತ್ತು ದಾಟಿದ, ರಿಟೈರಾದ ಪ್ರೈಮರಿ ಮೇಡಂ. ಎಲ್ಲಿ ಸಿಕ್ಕರು ಅಂತ ಮಾತ್ರ ಕೇಳಬೇಡಿ. ಲೈಬ್ರರಿ ಬೋರ್ಡಿನಲ್ಲಿ ಅಲ್ಲ, ಅಷ್ಟು ಹೇಳುತ್ತೇನೆ. ದುಡ್ಡು ಮುಟ್ಟುವುದಿಲ್ಲ. ಬದಲಿಗೆ ಶನಿವಾರ ಅವರ ಬಾಡಿಗೆ ಕೈತೋಟವಾದ ಶ್ರೇಬರ್‌ಗಾರ್ಟನ್‌ನಲ್ಲಿ ಆಲೂಗಡ್ಡೆ ಪಾತಿ ಅಗೆಯಬೇಕು. ಅಗೆಯುತ್ತಾ ಮಾತು, ಆಮೇಲೆ ಕಾಫಿ, ಕೇಕು.

ಮೊದಲ ದಿನವೇ ಎಡವಟ್ಟು. "ಫಿಯರ್ಟೆಲ್ ಡ್ರೈ"ಗೆ, ಅಂದರೆ ಪದಶಃ "ಕಾಲು ಮೂರ"ಕ್ಕೆ, ಬಾ ಎಂದರು. ಮೂರಕ್ಕೆ ಕಾಲು ಗಂಟೆ ಇರುವಾಗ ಅಂದುಕೊಂಡು ಎರಡೂ ಮುಕ್ಕಾಲಿಗೆ ಹೋದೆ. ಈ ಕಡೆಯ ಜನ ಶ್ವಾಬಿಯನ್ನರು, ಅವರ ಲೆಕ್ಕದಲ್ಲಿ ಅದು ಎರಡೂ ಕಾಲು! ಮೂರನೇ ಗಂಟೆಯಲ್ಲಿ ಕಾಲು ಭಾಗ ಕಳೆದಿದೆ ಎಂದರ್ಥ. ಕಾಫಿ ತಣ್ಣಗಾಗಿತ್ತು, ಮುಖ ಅದಕ್ಕಿಂತ ತಣ್ಣಗೆ. ಇದೊಂದು ಕಡೆ ಕನ್ನಡವೂ ಕೈಹಿಡಿಯಲಿಲ್ಲ ಬಿಡಿ.

ಎರಡನೇ ವಾರ ಚಳಿ ಹೊಡೆಯುತ್ತಿತ್ತು. ಇಂಗ್ಲಿಷ್ ಗುಂಗಿನಲ್ಲಿ "ಇಶ್ ಬಿನ್ ಕಾಲ್ಟ್" ಎಂದೆ. ಗುದ್ದಲಿ ಊರಿ ನಿಂತು ನಕ್ಕರು. ಅದು ಕಲ್ಲೆದೆಯವನು ಅನ್ನೋ ಥರ ಕೇಳಿಸುತ್ತದಂತೆ. "ಮಿಯರ್ ಇಸ್ಟ್ ಕಾಲ್ಟ್" ಎಂದು ತಿದ್ದಿದರು. ಅಂದರೆ ನನಗೆ ಚಳಿ. ನಾನಲ್ಲ, ನನಗೆ! ನಮ್ಮದೇ ಚತುರ್ಥಿ ವಿಭಕ್ತಿ ಅಲ್ವಾ? ಅಲ್ಲಿಂದ ಇಂಗ್ಲಿಷ್ ಬಾಗಿಲು ಹಾಕಿದೆ.

ಕ್ರಿಯಾಪದ ಕೊನೆಗೆ ಹೋಗುತ್ತದೆ ಎಂದು ಎಲ್ಲರೂ ಒದ್ದಾಡುವ "ವೈಲ್" (ಏಕೆಂದರೆ) ವಾಕ್ಯ ನೋಡಿ. "ಇಶ್ ಮೋರ್ಗೆನ್ ಆರ್ಬೈಟೆನ್ ಮುಸ್." ನಾನು, ನಾಳೆ, ಕೆಲಸ ಮಾಡ, ಬೇಕು. ಒಂದು ಪದವನ್ನೂ ಜರುಗಿಸುವುದು ಬೇಡ. ಕ್ಲಾಸಿನಲ್ಲಿ ಇದಕ್ಕೆ ಮೂರು ವಾರ ಹಿಡಿಸಿದ್ದರು. ಹುಡುಗಿ, ಅಂದರೆ "ಮೇಡ್ಶೆನ್", ನಪುಂಸಕ ಎಂದಾಗ ಎಲ್ಲರೂ ತಲೆ ಚಚ್ಚಿಕೊಂಡರು. ನನ್ನ ಅಜ್ಜಿ ದಿನಾ "ಆ ಹುಡುಗಿ ಬಂತು, ಹೋಯ್ತು" ಅನ್ನುತ್ತಿದ್ದರು. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ಉಳಿದ ಪದಗಳ ಲಿಂಗ ತೋರಿಸುವ ಡೇರ್, ಡೀ, ಡಾಸ್ ನೆನಪಿಡಲು ಬೇರೆ ಉಪಾಯ ಮಾಡಿದ್ದೇನೆ, ಅದನ್ನು ಇನ್ನೊಬ್ಬ ಪಾಸಾಗುವ ತನಕ ಬಿಡುವುದಿಲ್ಲ.

ನಡುವೆ ಸುಮ್ನೆ ಒಂದು ತಿಂಗಳು ಬೇಕರಿಯಲ್ಲಿ ಇಲ್ಲಿನ ಆಡುಮಾತು ಶ್ವಾಬಿಯನ್ ಮಾತ್ರ ಆಡಿ ನೋಡಿದೆ. ಬ್ರೆಟ್ಸೆಲ್ ಬೇಗ ಸಿಗುತ್ತಿತ್ತು, ನಗು ಜಾಸ್ತಿ ಸಿಗುತ್ತಿತ್ತು. ಆದರೆ ಪರೀಕ್ಷೆಯಲ್ಲಿ "ನಿಶ್ಟ್" (ಇಲ್ಲ, ಅಲ್ಲ) ಬದಲು "ನೆಟ್" ಬಾಯಿಗೆ ಬಂದುಬಿಟ್ಟಿತು.

ಟೀಚರಮ್ಮ ಸಿಕ್ಕ ಮೇಲೆ ಒಟ್ಟು ಹತ್ತು ತಿಂಗಳು. ಪರೀಕ್ಷೆ ಫೀಸು ಇನ್ನೂರರ ಮೇಲೆ, ಒಂದು ಜೊತೆ ಗಂಬೂಟು, ನಾಲ್ಕೈದು ಕಿಲೋ ಫಿಲ್ಟರ್ ಕಾಫಿಪುಡಿ. ಮುಗೀತು ಖರ್ಚು.

ಎಂಟನೇ ತಿಂಗಳಲ್ಲಿ ಟೀಚರಮ್ಮ "ಇನ್ನು ನನಗೆ ಡೂ ಅನ್ನು" ಎಂದರು. ಇಲ್ಲಿ ಅದು ಹಿರಿಯರೇ ಕೊಡಬೇಕಾದ ಸಲಿಗೆ. ಆದರೆ ಟೀಚರಿಗೆ ನೀನು ಅನ್ನಲು ನಾಲಿಗೆ ಏಳಬೇಕಲ್ಲ! ನೀನೂ ಇಲ್ಲದ, ನೀವೂ ಇಲ್ಲದ ವಾಕ್ಯ ಹುಡುಕಿ ಹುಡುಕಿ ಮಾತಾಡುತ್ತೇನೆ. "ಕಾಫಿ ಬೇಕಾ?" ಅಂತ ಕೇಳಲೂ "ಇನ್ನೂ ಕಾಫಿ ಇದೆ" ಎನ್ನುತ್ತೇನೆ. ಮಾತಿಗೆ ಅಷ್ಟೊಂದು ಮಾರ್ಕ್ಸ್ ಬಂದಿದ್ದು ಈ ಕಸರತ್ತಿನಿಂದಲೇ ಇರಬೇಕು.