ತೋಟ ಇದ್ದವರೂ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ

"ತೋಟ ಇರೋರಿಗೆ ಸ್ಕಾಲರ್‌ಶಿಪ್ ಯಾರು ಕೊಡ್ತಾರೆ?" ಮಗಳು ಡಿಗ್ರಿಗೆ ಸೇರಿದಾಗ ನೆಂಟರು, ನೆರೆಯವರು ಎಲ್ಲರೂ ಕೇಳಿದ್ದು ಇದನ್ನೇ. ನಮ್ಮ ಕೊಡಗಿನಲ್ಲಿ ಎರಡು ಎಕರೆ ಕಾಫಿ ಇದ್ದರೂ ಎಸ್ಟೇಟ್‌ನವರು ಅಂತಲೇ ಹೆಸರು. ಆದರೆ ರೊಬಸ್ಟಾ ಕಾಫಿ ಕೊಯ್ದು ದುಡ್ಡು ಕೈಗೆ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಕಾಲೇಜು ಫೀಸು ಕಟ್ಟುವುದು ಮಳೆಗಾಲದಲ್ಲಿ. ಅಷ್ಟರಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಸುವುದು), ಗೊಬ್ಬರ, ಸೊಸೈಟಿ ಸಾಲ ಅಂತ ಅದು ಖಾಲಿ.

ಹಾಗಾಗಿ ನಾನು ಮೊದಲು ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟೆ. ನಾವು ಅರ್ಹರೋ ಅಲ್ಲವೋ ಅಂತ ಹೇಳಬೇಕಾದ್ದು ಆ ಕಾಗದ, ನೆರೆಯವರಲ್ಲ.

ಸ್ಕಾಲರ್‌ಶಿಪ್ ಅಂದರೆ ಜಾತಿ ಮೇಲೆ ಕೊಡುವುದು ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಹಾಗಲ್ಲ. ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ಶೇ 20ರೊಳಗೆ ಇರಬೇಕು, ಮನೆಯ ವರಮಾನ ವರ್ಷಕ್ಕೆ 4.5 ಲಕ್ಷ ದಾಟಬಾರದು. ಡಿಗ್ರಿಯ ಮೂರು ವರ್ಷವೂ ವರ್ಷಕ್ಕೆ 12,000 ರೂಪಾಯಿ. ಮಗಳ ಅಂಕ ಚೆನ್ನಾಗಿತ್ತು, ಹಾಕಿದೆವು, ಬಂತು. ಇದನ್ನು ತೆಗೆದುಕೊಳ್ಳುವವರು ಬೇರೆ ಸ್ಕಾಲರ್‌ಶಿಪ್ ಪಡೆಯುವಂತಿಲ್ಲ. ಅದಕ್ಕೇ ರಾಜ್ಯದ ಎಸ್‌ಎಸ್‌ಪಿ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ವೆಬ್‌ಸೈಟ್‌ನಲ್ಲಿ ಏನು ಸಿಗುತ್ತದೆ ಅಂತಲೂ ನೋಡಿಕೊಳ್ಳಿ. ಹಿಂದುಳಿದ ವರ್ಗದ ಮಕ್ಕಳು ಹಾಸ್ಟೆಲ್ ಸಿಗದೆ ಮೈಸೂರಿನಲ್ಲಿ ರೂಮ್ ಮಾಡಿದ್ದರೆ ಊಟ, ವಸತಿಗೆ ಕೊಡುವ ವಿದ್ಯಾಸಿರಿಯೇ ಲಾಭ: ತಿಂಗಳಿಗೆ ಕನಿಷ್ಠ 1,500, ಹತ್ತು ತಿಂಗಳು.

ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಮನೆತನದ ಹೆಸರು ಬರೀ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ. ಮೂರನ್ನೂ ಮೇಜಿನ ಮೇಲೆ ಇಟ್ಟುಕೊಂಡು ಅಕ್ಷರ ಅಕ್ಷರ ತಾಳೆ ನೋಡಿ. ತಿದ್ದಿಸುವುದಿದ್ದರೆ ಪಿಯುಸಿ ಫಲಿತಾಂಶ ಬಂದ ಕೂಡಲೇ ಹೊರಡಿ. ಜುಲೈ ಮಳೆಗೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ, ಗೊತ್ತಲ್ವಾ? ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆ" ಅಂದರೆ ಸುಮ್ನೆ ಬರಬೇಡಿ. ಎನ್‌ಪಿಸಿಐ ಸೀಡಿಂಗ್ ಆಗಿದೆಯಾ, ಅಂದರೆ ಆಧಾರ್ ಮೂಲಕ ಬರುವ ಸರ್ಕಾರಿ ದುಡ್ಡು ಈ ಖಾತೆಗೇ ಬೀಳುವಂತೆ ಜೋಡಿಸಿದ್ದಾರಾ ಅಂತ ಕೇಳಿ. ಸ್ಕಾಲರ್‌ಶಿಪ್ ದುಡ್ಡು ಬರುವುದು ಆ ದಾರಿಯಲ್ಲಿ.

ವರ್ಷಕ್ಕೆ ಹನ್ನೆರಡು ಸಾವಿರ ಏನು ಮಹಾ ಅನ್ನುವವರಿದ್ದಾರೆ. ನಮ್ಮಲ್ಲಿ ಬಸ್ಸು, ಪುಸ್ತಕ, ಪರೀಕ್ಷಾ ಫೀಸು ಅದರಲ್ಲೇ ಮುಗಿಯುತ್ತದೆ. ಅಷ್ಟಕ್ಕೆ ಕೈಸಾಲ ಮಾಡುವುದು ತಪ್ಪಿತು.

ಆನ್‌ಲೈನ್‌ನಲ್ಲಿ ಸಲ್ಲಿಸಿದ ಮೇಲೆ ಕಾಲೇಜಿನವರು ವೆರಿಫೈ ಮಾಡದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆಫೀಸಿಗೆ ಹೋಗಿ ವಿಚಾರಿಸಿ, ನಾಚಿಕೆ ಬೇಡ. ಪ್ರತಿ ವರ್ಷ ರಿನ್ಯೂವಲ್ ಕೂಡ ನಾವೇ ಹಾಕಬೇಕು. ಅದಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಕೊಯ್ಲಿನ ಹೊತ್ತಲ್ಲಿ ಮಕ್ಕಳನ್ನು ತೋಟಕ್ಕೆ ಕರೆಸಿಕೊಳ್ಳುವವರು ಈ ಹಾಜರಾತಿಯನ್ನು ನೆನಪಿಡಿ.