ವಿದೇಶಕ್ಕೆ ಹೊರಟವರ ಫೋನು: ಊರಿನ ಸಿಮ್ ತೆಗೆದಿಡಬೇಡಿ

ದುಬೈಯಲ್ಲೋ ದಮಾಮಿನಲ್ಲೋ ಇಳಿದ ಕೂಡಲೇ ಊರಿನ ಸಿಮ್ ಬಿಚ್ಚಿ ಪರ್ಸಿನೊಳಗೆ ಹಾಕಿ, ಅಲ್ಲಿನ ಸಿಮ್ ಹಾಕಿಕೊಳ್ಳುವುದು ನಮ್ಮ ಕರಾವಳಿಯವರ ಹಳೆಯ ಅಭ್ಯಾಸ. ಮನೆಗೆ ಮಾತಾಡಲಿಕ್ಕೆ ಅಷ್ಟು ಸಾಕು. ಪೇಚಾಟ ಶುರುವಾಗುವುದು ಸ್ವಲ್ಪ ದಿನ ಕಳೆದ ಮೇಲೆ. ಇಲ್ಲಿನ ಬ್ಯಾಂಕಿನ ಒಟಿಪಿ ಬರುವುದಿಲ್ಲ, ಆಧಾರ್ ಒಟಿಪಿ ಬರುವುದಿಲ್ಲ, ಊರಿಗೆ ಹಣ ಕಳಿಸಲು ಯುಪಿಐ ತೆರೆದರೆ ಅದು ಸಿಮ್ ಕೇಳುತ್ತದೆ. ಪರ್ಸಿನೊಳಗಿದ್ದ ಸಿಮ್ ತೆಗೆದು ಹಾಕಿದರೆ ಅದರ ವ್ಯಾಲಿಡಿಟಿ ಮುಗಿದಿರುತ್ತದೆ.

ಇದಕ್ಕೆ ಪರಿಹಾರ ಎರಡು ಸಿಮ್‌ಗೆ ಎರಡು ಕೆಲಸ ಹಂಚುವುದು. ಊರಿನ ಸಿಮ್ ಸದಾ ಫೋನಿನಲ್ಲೇ ಇರಲಿ, ಅದರ ಡೇಟಾ ಬಂದ್ ಇರಲಿ, ಬರುವ ಎಸ್‌ಎಂಎಸ್‌ಗಷ್ಟೇ ಅದು ಮೀಸಲು. ಇಂಟರ್ನೆಟ್ಟು, ಮಾತುಕತೆ ಎಲ್ಲ ಇನ್ನೊಂದರಿಂದ. ಕೆಳಗಿನ ಕೆಲಸಗಳಲ್ಲಿ ಹೆಚ್ಚಿನವು ಊರಿನಲ್ಲಿರುವಾಗಲೇ ಆಗಬೇಕಾದವು. ಹೋದ ಮೇಲೆ ಇವುಗಳಲ್ಲಿ ಅರ್ಧ ಆಗುವುದೇ ಇಲ್ಲ.

ಮೊದಲು ಫೋನು ನೋಡಿ

ಕರೆ ಮಾಡುವ ಜಾಗದಲ್ಲಿ *#06# ಒತ್ತಿ. ಐಎಂಇಐ ಸಂಖ್ಯೆಗಳ ಜೊತೆ ಇಐಡಿ ಎಂಬ ಉದ್ದದ ಸಂಖ್ಯೆಯೂ ಕಂಡರೆ ಫೋನಿನಲ್ಲಿ ಇ-ಸಿಮ್, ಅಂದರೆ ಪ್ಲಾಸ್ಟಿಕ್ ಸಿಮ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್ಮಿನ ಸೌಲಭ್ಯ ಇದೆ. ಐಫೋನುಗಳಲ್ಲಿ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ ಇದು ಬಂದಿದೆ. ಇ-ಸಿಮ್ ಇಲ್ಲದಿದ್ದರೂ ಎರಡು ಸಿಮ್ ಹಾಕುವ ಫೋನಾದರೆ ಚಿಂತೆಯಿಲ್ಲ. ಒಂದೇ ಸಿಮ್ ಹಿಡಿಯುವ ಫೋನಾದರೆ ಮಾತ್ರ ಊರಿನ ಸಿಮ್‌ಗೆಂದು ಒಂದು ಹಳೆಯ ಫೋನು ಜೊತೆಗೆ ಒಯ್ಯಬೇಕು.

ಇ-ಸಿಮ್ ಇದ್ದರೆ ಯಾವುದನ್ನು ಇ-ಸಿಮ್ ಮಾಡುವುದು? ಊರಿನದ್ದು ಪ್ಲಾಸ್ಟಿಕ್ ಸಿಮ್ ಆಗಿಯೇ ಇರಲಿ, ಹೊರದೇಶದ್ದು ಇ-ಸಿಮ್ ಆಗಲಿ. ಪರದೇಶದಲ್ಲಿ ಫೋನು ನೀರಿಗೆ ಬಿದ್ದರೆ ಪ್ಲಾಸ್ಟಿಕ್ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಮುಗಿಯಿತು. ಇ-ಸಿಮ್ ಅನ್ನು ಹೊಸ ಫೋನಿಗೆ ಸಾಗಿಸಲು ಮತ್ತೆ ಕಂಪನಿಯ ಒಪ್ಪಿಗೆ, ಎಸ್‌ಎಂಎಸ್, ಒಟಿಪಿ ಎಲ್ಲ ಬೇಕು.

ಮಗನೋ ಮಗಳೋ ಅಮೆರಿಕದಿಂದ ತಂದುಕೊಟ್ಟ ಐಫೋನಾದರೆ ವಿಷಯ ಬೇರೆ. 2022ರ ಐಫೋನ್ 14ರಿಂದ ಈಚೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ತಟ್ಟೆಯೇ ಇಲ್ಲ. ಊರಿನ ಸಿಮ್ಮನ್ನೂ ಇ-ಸಿಮ್ ಮಾಡಿಸಲೇಬೇಕು, ಅದನ್ನು ಹೊರಡುವ ವಾರಕ್ಕೆ ಇಟ್ಟುಕೊಳ್ಳಬೇಡಿ. ಅಲ್ಲಿ ಕಂತಿನಲ್ಲಿ ಕೊಂಡ ಫೋನು ಆ ಕಂಪನಿಗೆ ಲಾಕ್ ಆಗಿರುವುದೂ ಉಂಟು. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕ್ಯಾರಿಯರ್ ಲಾಕ್ ಎದುರು 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿದೆಯೇ ನೋಡಿ.

ಬಾಣಂತನಕ್ಕೆ ಹೊರಟ ಅಮ್ಮಂದಿರ ಕೈಯಲ್ಲಿ ಕೀಪ್ಯಾಡ್ ಫೋನು ಕಳಿಸಬೇಡಿ. ಅಂಥ ಹಳೆಯ ಫೋನುಗಳು ನಡೆಯುವ 2ಜಿ ಸಿಂಗಪುರದಲ್ಲಿ 2017ರಲ್ಲೇ ನಿಂತಿದೆ. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ 3ಜಿಯನ್ನೂ ಮುಚ್ಚಿದವು, ಆಸ್ಟ್ರೇಲಿಯಾದ್ದು 2024ರಲ್ಲಿ ಮುಚ್ಚಿತು. ಈ ದೇಶಗಳಲ್ಲಿ ಕರೆ ಹೋಗಬೇಕಾದರೆ ಫೋನಿಗೆ ವೋಲ್ಟಿಇ, ಅಂದರೆ 4ಜಿ ಮೇಲೆ ಮಾತಾಡುವ ಸೌಲಭ್ಯ ಬೇಕು. ಅಮೆರಿಕದ ಎಟಿ ಆ್ಯಂಡ್ ಟಿ ತನ್ನ ಪಟ್ಟಿಯಲ್ಲಿರುವ ಮಾದರಿಗಳನ್ನಷ್ಟೇ ಒಪ್ಪುತ್ತದೆ. ಇಲ್ಲಿ ಚೆನ್ನಾಗಿ ನಡೆಯುವ ಫೋನು ಅಲ್ಲಿ ಬರೇ ವೈಫೈಗಷ್ಟೇ ಆದೀತು. ಅಲ್ಲಿರುವ ಮಕ್ಕಳಿಗೆ ಮಾದರಿಯ ಹೆಸರು ಕಳಿಸಿ, ಆ ಕಂಪನಿಯ ಜಾಲತಾಣದಲ್ಲಿ ಮೊದಲೇ ನೋಡಿಸಿ.

ಊರಿನ ಸಿಮ್ ಜೀವಂತ ಇಡುವುದು

ಕಂಪನಿಯ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿ. ಡೇಟಾ ಪ್ಯಾಕ್ ಹಾಕಿಸಿಕೊಂಡರೂ ಸರಿ, ಬಿಟ್ಟರೂ ಸರಿ, ರೋಮಿಂಗ್ ಮಾತ್ರ ಆನ್ ಇರಬೇಕು. ಇದಾಗದೆ ವಿಮಾನ ಹತ್ತಿದರೆ ಅಲ್ಲಿ ಸಿಗ್ನಲ್ಲೇ ಹಿಡಿಯುವುದಿಲ್ಲ. ರೋಮಿಂಗಿನಲ್ಲಿ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣವಿಲ್ಲ, ಆದರೆ ಬರುವ ಕರೆಗೆ ನಿಮಿಷದ ಲೆಕ್ಕದಲ್ಲಿ ಹಣ ಇದೆ. ಸಾಲ ಬೇಕೇ ಎಂದು ಕೇಳುವ ಕರೆಯನ್ನು ಎತ್ತಿದರೂ ಹಣ ಹೋಗುತ್ತದೆ, ಕಟ್ ಮಾಡಿದರೆ ಹೋಗುವುದಿಲ್ಲ. ಕಾಲ್ ಫಾರ್ವರ್ಡಿಂಗ್ ಇಟ್ಟಿದ್ದರೆ ಹೊರಡುವ ಮುಂಚೆ ತೆಗೆಯಿರಿ. ನೀವು ಎತ್ತದ ಕರೆ ಅಲ್ಲಿಂದ ಮತ್ತೆ ಭಾರತಕ್ಕೆ ತಿರುಗಿ, ಆ ದಾರಿಗೆಲ್ಲ ನಿಮ್ಮ ಲೆಕ್ಕದಲ್ಲಿ ಬಿಲ್ ಬೀಳುತ್ತದೆ.

ಜಾಸ್ತಿ ಜನ ಎಡವುವುದು ವ್ಯಾಲಿಡಿಟಿಯಲ್ಲಿ. 28 ದಿನದ ರೀಚಾರ್ಜಿನಲ್ಲಿ ಹೊರಟವರಿಗೆ ಆರು ತಿಂಗಳಲ್ಲಿ ಏಳು ಸಲ ರೀಚಾರ್ಜ್ ಬೇಕು, ಒಂದು ತಪ್ಪಿದರೂ ಎಸ್‌ಎಂಎಸ್ ನಿಲ್ಲುತ್ತದೆ. 84 ದಿನದ್ದು ಅಥವಾ ವರ್ಷದ್ದು ಹಾಕಿಸಿ. ಇಲ್ಲವಾದರೆ ಮನೆಯಲ್ಲಿರುವ ಯಾರಿಗಾದರೂ ತಾರೀಕು ಬರೆದುಕೊಟ್ಟು ಹೋಗಿ. ಇದರ ಜೊತೆಗೆ ಟ್ರಾಯ್‌ನ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ) ಇನ್ನೊಂದು ನಿಯಮವಿದೆ: 90 ದಿನ ಸತತ ಬಳಕೆಯೇ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು 30 ದಿನ ಮುಂದುವರಿಸುತ್ತಾರೆ. ಬಂದ ಎಸ್‌ಎಂಎಸ್ ಇಲ್ಲಿ ಬಳಕೆಯಾಗುವುದಿಲ್ಲ, ಕಳಿಸಿದ ಎಸ್‌ಎಂಎಸ್ ಆಗುತ್ತದೆ. ಹಾಗಾಗಿ ಎರಡು ತಿಂಗಳಿಗೊಮ್ಮೆ ಆ ಸಿಮ್ಮಿನಿಂದ ಮನೆಗೆ ಒಂದು ಎಸ್‌ಎಂಎಸ್ ಕಳಿಸಿ, ಮೇನ್ ಬ್ಯಾಲೆನ್ಸಿನಲ್ಲಿ ನೂರಿನ್ನೂರು ರೂಪಾಯಿ ಇರಲಿ.

ಸಿಮ್ ಬಿಚ್ಚಿಡಬಾರದು ಎನ್ನಲು ಈಗ ಇನ್ನೊಂದು ಕಾರಣವೂ ಸೇರಿದೆ. 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ವಾಟ್ಸ್ಆ್ಯಪ್, ಟೆಲಿಗ್ರಾಮ್‌ನಂಥ ಆ್ಯಪ್‌ಗಳಿಗೆ, ನೋಂದಾಯಿಸಿದ ಸಿಮ್ ಫೋನಿನಲ್ಲಿದ್ದರೆ ಮಾತ್ರ ನಡೆಯುವಂತೆ ಮಾಡಬೇಕೆಂದು ಸೂಚಿಸಿತು. ಅಲ್ಲಿನ ಸಿಮ್ ಹಾಕಿದಾಗ ವಾಟ್ಸ್ಆ್ಯಪ್ 'ನಂಬರ್ ಬದಲಿಸುವುದೇ' ಎಂದು ಕೇಳುತ್ತದೆ. ಹಳೆಯದನ್ನೇ ಇಟ್ಟುಕೊಳ್ಳಿ. ಕುಟುಂಬದ ಗ್ರೂಪು, ದೇವಸ್ಥಾನದ ಗ್ರೂಪು ಎಲ್ಲ ಅದರಲ್ಲೇ ಇರುತ್ತವೆ.

ಯುಪಿಐ ಮೊದಲ ಸಲ ಜೋಡಿಸುವಾಗ ನಿಮ್ಮ ಸಿಮ್ಮಿನಿಂದ ತಾನಾಗಿ ಒಂದು ಎಸ್‌ಎಂಎಸ್ ಹೋಗುತ್ತದೆ. ವಿದೇಶದಿಂದ ಅದು ಹಲವು ಸಲ ತಲುಪುವುದಿಲ್ಲ. ಇಲ್ಲಿಯೇ ಜೋಡಿಸಿ, ಅಲ್ಲಿ ಆ್ಯಪ್ ತೆಗೆದು ಹಾಕುವ ಸಾಹಸ ಬೇಡ. ಎನ್‌ಆರ್‌ಇ, ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆ ಇರುವವರಿಗೆ ಒಂದು ಅನುಕೂಲವಿದೆ: 2023ರಿಂದ ಯುಎಇ, ಸೌದಿ, ಕತಾರ್, ಒಮಾನ್, ಅಮೆರಿಕ, ಬ್ರಿಟನ್ ಮೊದಲಾದ ದೇಶಗಳ ನಂಬರಿಗೇ ಯುಪಿಐ ಜೋಡಿಸಬಹುದು. ಬ್ಯಾಂಕಿಗೆ ಆ ನಂಬರು ಕೊಟ್ಟಿರಬೇಕು, ಅಷ್ಟೆ. ಒಟಿಪಿಯನ್ನು ಇಮೇಲಿಗೂ ಕಳಿಸುವ ಬ್ಯಾಂಕಾದರೆ ಶಾಖೆಗೆ ಹೋಗಿ ಇಮೇಲ್ ಸರಿಯಿದೆಯೇ ನೋಡಿಕೊಳ್ಳಿ.

ಡೇಟಾ ಸೆಟ್ಟಿಂಗಿನ ಎರಡು ಸ್ವಿಚ್ಚು

ಊರಿನ ಸಿಮ್ಮಿಗೆ ಡೇಟಾ ರೋಮಿಂಗ್ ಆಫ್ ಮಾಡಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಒಂದು ಸಿಮ್ಮಿನ ಸಿಗ್ನಲ್ ಕುಂದಿದರೆ ಇನ್ನೊಂದರ ಡೇಟಾಕ್ಕೆ ತಾನಾಗಿ ಹಾರುವ ಸೌಲಭ್ಯ ಈಗಿನ ಫೋನುಗಳಲ್ಲಿದೆ. ಆಂಡ್ರಾಯ್ಡಿನಲ್ಲಿ ಆಟೋ ಡೇಟಾ ಸ್ವಿಚಿಂಗ್, ಐಫೋನಿನಲ್ಲಿ ಅಲೌ ಸೆಲ್ಯುಲಾರ್ ಡೇಟಾ ಸ್ವಿಚಿಂಗ್. ಅದನ್ನೂ ಆಫ್ ಮಾಡಿ. ಐಫೋನಿನವರು ಐಮೆಸೇಜ್ ಮತ್ತು ಫೇಸ್‌ಟೈಮ್ ಅನ್ನು ಅಲ್ಲಿ ಆಫ್ ಮಾಡಿ ಆನ್ ಮಾಡುತ್ತಾ ಕೂರಬಾರದು, ಪ್ರತಿ ಸಲವೂ ಸದ್ದಿಲ್ಲದೆ ಒಂದು ವಿದೇಶಿ ಎಸ್‌ಎಂಎಸ್ ಹೋಗುತ್ತದೆ.

ಇದಕ್ಕೆ ತದ್ವಿರುದ್ಧ ಪ್ರವಾಸಿ ಇ-ಸಿಮ್‌ನದ್ದು. ಕೆಲವೇ ದಿನಕ್ಕೆ ಹೋಗುವವರು ಕೊಳ್ಳುವ ಈ ಇ-ಸಿಮ್ ಹೆಚ್ಚಾಗಿ ಯಾವುದೋ ಮೂರನೆಯ ದೇಶದ ಕಂಪನಿಯದ್ದು. ನೀವಿರುವ ದೇಶದಲ್ಲಿ ಅದೂ ಪರಕೀಯವೇ, ಆದ್ದರಿಂದ ಅದರ ಡೇಟಾ ರೋಮಿಂಗ್ ಆನ್ ಇರಲೇಬೇಕು. 'ಸಿಗ್ನಲ್ ಇದೆ, ನೆಟ್ ಬರುವುದಿಲ್ಲ' ಎಂಬ ದೂರಿನಲ್ಲಿ ಬಹುಪಾಲು ಇಷ್ಟೇ. ಇ-ಸಿಮ್ ಇಳಿಸಲಿಕ್ಕೆ ಇಂಟರ್ನೆಟ್ ಬೇಕು, ಹಾಗಾಗಿ ಮನೆಯ ವೈಫೈಯಲ್ಲೇ ಇಳಿಸಿಟ್ಟು ಅಲ್ಲಿ ಇಳಿದ ಮೇಲೆ ಆನ್ ಮಾಡಿ. ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ, ಬೇಡವೆಂದು ಡಿಲೀಟ್ ಮಾಡಿದರೆ ಹಣ ಹೋಯಿತು. ಇಂಥ ಇ-ಸಿಮ್ ಮಾರುವ ಏರಾಲೊ, ಹೋಲಾಫ್ಲೈ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆಯ ಆದೇಶದಂತೆ ಭಾರತದ ಆ್ಯಪ್ ಸ್ಟೋರುಗಳಿಂದ ತೆಗೆಯಲಾಯಿತು. ಭಾರತದಲ್ಲಿ ಅನುಮತಿ ಪಡೆದು ಮಾರುವವರಿಂದಲೇ ಕೊಳ್ಳಿ, ಅಥವಾ ನಿಮ್ಮ ಕಂಪನಿಯ ರೋಮಿಂಗ್ ಪ್ಯಾಕನ್ನೇ ಹಾಕಿಸಿ. ವಾಟ್ಸ್ಆ್ಯಪ್ ಮಾತಿಗೆ ನಿಮಿಷಕ್ಕೆ ಸುಮಾರು ಅರ್ಧ ಎಂಬಿ, ವಿಡಿಯೊಗೆ ಸುಮಾರು 5 ಎಂಬಿ. ಒಂದು ಜಿಬಿಯಲ್ಲಿ ಮೂರು ಗಂಟೆಯ ವಿಡಿಯೊ, ಫೋಟೊ ಬ್ಯಾಕಪ್ಪನ್ನು ವೈಫೈಗೆ ಮೀಸಲಿಟ್ಟಿದ್ದರೆ.

ಗಲ್ಫಿನಲ್ಲಿ ವಾಟ್ಸ್ಆ್ಯಪ್ ಕರೆ

ಯುಎಇಯ ಸಿಮ್ಮಿನಲ್ಲಿ, ಅಲ್ಲಿನ ವೈಫೈಯಲ್ಲಿ ವಾಟ್ಸ್ಆ್ಯಪ್ ಮೆಸೇಜು, ಫೋಟೊ, ವಾಯ್ಸ್ ನೋಟು ಹೋಗುತ್ತವೆ, ಕರೆ ಮಾತ್ರ ಹೋಗುವುದಿಲ್ಲ. ಹೊಸದಾಗಿ ಹೋದವರು ಫೋನು ಹಾಳಾಗಿದೆ ಎಂದುಕೊಳ್ಳುತ್ತಾರೆ. ಅಲ್ಲಿ ಅನುಮತಿ ಇರುವುದು ಬೋಟಿಮ್, ಝೂಮ್, ಮೈಕ್ರೋಸಾಫ್ಟ್ ಟೀಮ್ಸ್‌ನಂಥ ಕೆಲವಕ್ಕೆ. ಮಾತಾಡಬೇಕಾದರೆ ಎರಡೂ ಕಡೆ ಒಂದೇ ಆ್ಯಪ್ ಬೇಕಲ್ಲ, ಆದ್ದರಿಂದ ಹೊರಡುವ ಮುಂಚೆ ಅಪ್ಪ ಅಮ್ಮನ ಫೋನಿನಲ್ಲಿ ಇಳಿಸಿ, ಖಾತೆ ತೆರೆದು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕರೆ ಮಾಡಿ ತೋರಿಸಿ ಹೋಗಿ. ದೂರದಿಂದ ಹೇಳಿ ಕಲಿಸುವುದು ಬಹಳ ಕಷ್ಟ ಮಾರಾಯ್ರೆ.

ಊರಿನ ಸಿಮ್ಮಿನ ರೋಮಿಂಗ್ ಡೇಟಾದಲ್ಲಿ ಅದೇ ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ಸಾಮಾನ್ಯವಾಗಿ ಹೋಗುತ್ತದೆ. ರೋಮಿಂಗಿನಲ್ಲಿ ನಿಮ್ಮ ಡೇಟಾ ಮೊದಲು ಭಾರತದ ಕಂಪನಿಗೆ ಬಂದು ಅಲ್ಲಿಂದ ಇಂಟರ್ನೆಟ್ಟಿಗೆ ಸೇರುತ್ತದೆ, ಅಲ್ಲಿನ ತಡೆ ಅದಕ್ಕೆ ತಾಗುವುದಿಲ್ಲ. ವಾರದ ಮಟ್ಟಿಗೆ ಹೋಗುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಪ್ಯಾಕ್ ಆರಿಸಬಹುದು. ರೂಮಿನಲ್ಲಿರುವವರು ವಿಪಿಎನ್ (ಫೋನಿನ ಇಂಟರ್ನೆಟ್ ವಿಳಾಸ, ಅಂದರೆ ಐಪಿ ವಿಳಾಸ ಮರೆಮಾಚಿ ತಡೆ ದಾಟಿಸುವ ಆ್ಯಪ್) ಹಾಕು ಎಂದಾರು. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ, ಅಪರಾಧ ಮಾಡಲು ಅಥವಾ ಅದು ಪತ್ತೆಯಾಗದಂತೆ ಮಾಡಲು ಐಪಿ ವಿಳಾಸ ಮರೆಮಾಚಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡವಿದೆ. ಹೆಂಡತಿಗೆ ವಿಡಿಯೊ ಕರೆ ಮಾಡಲು ಆ ಅಪಾಯ ಬೇಕಾಗಿಲ್ಲ.

ಉಮ್ರಾಕ್ಕೆ ಹೋಗುವವರಿಗೆ ಸೌದಿಯಲ್ಲಿ ಸಿಮ್ ಕೊಡುವಾಗ ಪಾಸ್‌ಪೋರ್ಟಿನ ಜೊತೆ ಬೆರಳಚ್ಚೂ ಬೇಕು. ಆದ್ದರಿಂದ ಗುಂಪಿನ ಪರವಾಗಿ ಒಬ್ಬರು ಹೋಗಿ ಎಲ್ಲರಿಗೂ ತರಲು ಆಗುವುದಿಲ್ಲ. ಒಮಾನಿನ ಬುರೈಮಿಗೆ ಹತ್ತಿಕೊಂಡಿರುವ ಅಲ್ ಐನ್‌ನಲ್ಲಿ ಕೆಲಸ ಮಾಡುವವರ ಫೋನು ಕೆಲವೊಮ್ಮೆ ಪಕ್ಕದ ದೇಶದ ಟವರಿಗೆ ಅಂಟಿಕೊಳ್ಳುತ್ತದೆ. ಅಂಥಲ್ಲಿ ನೆಟ್‌ವರ್ಕನ್ನು ಆಟೋಮ್ಯಾಟಿಕ್ ಬಿಟ್ಟು ಕೈಯಾರೆ ಆರಿಸಿ.

ನಂಬರುಗಳೆಲ್ಲ +91 ಸೇರಿಸಿ ಉಳಿಸಿ. ಮನೆಯ ಲ್ಯಾಂಡ್‌ಲೈನಿಗೆ ಮಂಗಳೂರಾದರೆ 0824ರ ಸೊನ್ನೆ ಬಿಟ್ಟು +91 824, ಉಡುಪಿಯಾದರೆ +91 820. ಸೊನ್ನೆ ಉಳಿಸಿಕೊಂಡರೆ ಕರೆ ಹೋಗುವುದಿಲ್ಲ. ಬ್ಯಾಂಕಿನ 1800 ನಂಬರೂ ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ, ವಿದೇಶದಿಂದ ಕರೆಯಲೆಂದೇ ಕಾರ್ಡಿನ ಹಿಂದೆ ಕೊಟ್ಟಿರುವುದನ್ನು ಬರೆದುಕೊಳ್ಳಿ.

ಒಟಿಪಿ ಬಾರದಿದ್ದರೆ

ಈ ಕ್ರಮದಲ್ಲಿ ನೋಡಿ. ಮೊದಲು ಮನೆಯವರಿಂದ ಆ ನಂಬರಿಗೆ ಮಾಮೂಲಿ ಎಸ್‌ಎಂಎಸ್ ಹಾಕಿಸಿ. ಅದು ಬಂದರೆ ಸಿಮ್ ಸರಿಯಿದೆ, ತೊಡಕು ಬ್ಯಾಂಕಿನ ಕಡೆಯದ್ದು. ಅದೂ ಬರದಿದ್ದರೆ ವ್ಯಾಲಿಡಿಟಿ ನೋಡಿ. ಅದು ಸರಿಯಿದ್ದರೆ ಏರ್‌ಪ್ಲೇನ್ ಮೋಡ್ ಹಾಕಿ ಒಂದು ನಿಮಿಷ ಬಿಟ್ಟು ತೆಗೆಯಿರಿ. ಆಗಲೂ ಇಲ್ಲವೆಂದರೆ ನೆಟ್‌ವರ್ಕ್ ಕೈಯಾರೆ ಆರಿಸಿ: ಯುಎಇಯಲ್ಲಿ ಎತಿಸಲಾತ್ ಕಂಪನಿಯದ್ದರಲ್ಲಿ ಬಾರದ್ದು ಡು ಕಂಪನಿಯದ್ದರಲ್ಲಿ ಬಂದೀತು. ಊರಿನಲ್ಲಿರುವಾಗಲೇ ವೈಫೈ ಕಾಲಿಂಗ್ ಆನ್ ಮಾಡಿಟ್ಟಿದ್ದರೆ ಟವರ್ ಸಿಗದ ಕಡೆಯೂ ವೈಫೈ ಮೂಲಕ ಎಸ್‌ಎಂಎಸ್ ಬರುವ ಸಾಧ್ಯತೆ ಇದೆ. ಅದರ ಮೇಲಿನ ಕರೆ ಪುಕ್ಕಟೆ ಎಂದು ಮಾತ್ರ ತಿಳಿಯಬೇಡಿ, ಕಂಪನಿಯ ದರ ನೋಡಿಕೊಳ್ಳಿ.

ವಿಮಾನದಲ್ಲಿ, ಹಡಗಿನಲ್ಲಿ

ಕೆಲವು ವಿಮಾನಗಳ ಒಳಗೇ ಉಪಗ್ರಹದ ಮೂಲಕ ನಡೆಯುವ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ನೀವು ಹೋಗುವ ದೇಶಕ್ಕೆಂದು ಹಾಕಿಸಿದ ಪ್ಯಾಕ್ ಅದಕ್ಕೆ ಅನ್ವಯಿಸುವುದಿಲ್ಲ, ದರ ಕೇಳಿದರೆ ಬೆವರುತ್ತೀರಿ. ಏರ್‌ಪ್ಲೇನ್ ಮೋಡ್ ಇದ್ದರೆ ಆ ಭಯವಿಲ್ಲ. ಕ್ರೂಸ್ ಹಡಗಿನವರಿಗೂ ಇದೇ ಮಾತು: ದಡ ಬಿಟ್ಟ ಮೇಲೆ ಹಿಡಿಯುವ ಸಿಗ್ನಲ್ ಹಡಗಿನದ್ದು, ಬಂದರಿನದ್ದಲ್ಲ.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕಿದರೆ ತೆಗೆಸುತ್ತಾರೆ. 100 ವ್ಯಾಟ್-ಅವರ್ ಮಿತಿ, 20,000 ಎಂಎಎಚ್‌ನದ್ದು ಸುಮಾರು 74 ಆಗುತ್ತದೆ. ಸಂಖ್ಯೆ ಅಳಿಸಿಹೋದ ಹಳೆಯದನ್ನು ಒಯ್ಯಬೇಡಿ. ಯುಎಇ, ಒಮಾನ್, ಕತಾರ್, ಬ್ರಿಟನ್ನಿನ ಪ್ಲಗ್ಗಿಗೆ ಚೌಕ ಕಡ್ಡಿಯ ಮೂರು ಪಿನ್ ಬೇಕು, ಅಮೆರಿಕದ್ದು ಚಪ್ಪಟೆ ಕಡ್ಡಿ. ಮಂಗಳೂರಿನ ಹಂಪನಕಟ್ಟೆಯಲ್ಲೇ ಅಡಾಪ್ಟರ್ ಕೊಂಡುಕೊಂಡರೆ ವಿಮಾನ ನಿಲ್ದಾಣದ ಬೆಲೆ ತಪ್ಪುತ್ತದೆ.

ಫೋನು ಕಳೆದುಹೋದರೆ ಮೊದಲು ಕಂಪನಿಗೆ ತಿಳಿಸಿ ಸಿಮ್ ಬಂದ್ ಮಾಡಿಸಿ, ಆಮೇಲೆ ಬ್ಯಾಂಕು. ಹೊಸ ಸಿಮ್ ಸಿಕ್ಕಿದರೂ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಅದು ಸಿಮ್ ಕಳ್ಳತನ ತಡೆಯಲು ಮಾಡಿದ ನಿಯಮ. ಅಲ್ಲಿಯವರೆಗೆ ವಾಟ್ಸ್ಆ್ಯಪ್ ಖಾತೆ ಬೇರೆಯವರ ಪಾಲಾಗದಿರಲು ಟು-ಸ್ಟೆಪ್ ಪಿನ್ನು, ಇಮೇಲು ಊರಿನಲ್ಲೇ ಹಾಕಿಟ್ಟಿರಬೇಕು. ಯುಎಇಯಲ್ಲಿ ಕಷ್ಟಕ್ಕೆ ಸಿಕ್ಕಿಕೊಂಡವರಿಗೆ ಭಾರತೀಯ ಕಾನ್ಸುಲೇಟಿನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕವಿಲ್ಲದ ನಂಬರು 800 46342, ಪೊಲೀಸ್ 999, ಆಂಬುಲೆನ್ಸ್ 998. ಪಾಸ್‌ಪೋರ್ಟಿನ ಕವರಿನೊಳಗೆ ಒಂದು ಚೀಟಿಯಲ್ಲಿ ಇವನ್ನೂ ಮನೆಯ ಎರಡು ನಂಬರನ್ನೂ ಪೆನ್ನಿನಲ್ಲಿ ಬರೆದಿಡಿ.